ಹಿತ್ತಿಲ ಕೋಳಿಗಳಲ್ಲಿ ಜಾತಿಭೇದ

ನಾಟಿ ಕೋಳಿಯೊಂದೇ ಓಡಾಡುತ್ತಿದ್ದ ನಮ್ಮ ಹಿತ್ತಿಲುಗಳಿಗೆ ಈಗ ನಾನಾ ಜಾತಿಗಳು ಬಂದು ಸೇರುತ್ತಿವೆ. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಸಿದ್ಧಪಡಿಸಿದ ಗಿರಿರಾಜ, ಮಧ್ಯಪ್ರದೇಶದ ಝಾಬುವಾ ಸೀಮೆಯ ಕರಿಯ ಕಡಕನಾಥ, ಕಾಳಗಕ್ಕೆ ಹೆಸರಾದ ಅಸೀಲ್ ಇವೆಲ್ಲವೂ ಒಂದೇ ಬೇಲಿಯೊಳಗೆ ಮೇಯುವುದುಂಟು. ಬೆಳೆದ ಗಿರಿರಾಜ ಹುಂಜವು 4 ಕಿಲೋ ತೂಗಬಲ್ಲದು; ನಾಟಿ ಹೇಂಟೆಯು ಒಂದೂವರೆ ಕಿಲೋ ಮುಟ್ಟಿದರೆ ಹೆಚ್ಚು. ಇಂಥ ಅಸಮಾನ ಪ್ರಾಣಿಗಳನ್ನು ಕೂಡಿ ಸಾಕಬಹುದೇ ಎಂದು ಗೃಹಸ್ಥರು ಕೇಳುತ್ತಾರೆ. ಧಾರಾಳವಾಗಿ ಸಾಕಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಎಲ್ಲರೂ ಗಾತ್ರಕ್ಕೆ ಅಂಜುತ್ತಾರೆಯೇ ಹೊರತು, ನಿಜವಾಗಿ ಅಂಜಬೇಕಾದ ಸಂಗತಿಗಳ ಕಡೆಗೆ ಲಕ್ಷ್ಯ ಕೊಡುವವರು ವಿರಳ.

ನಾರ್ವೆ ದೇಶದ ಷೆಲ್ಡೆರುಪ್-ಎಬ್ಬೆ ಎಂಬ ವಿದ್ವಾಂಸರು ಬಾಲ್ಯದಿಂದಲೂ ಕೋಳಿಗಳ ನಡೆವಳಿಕೆಯನ್ನು ಗಮನಿಸಿದವರು. ಪ್ರತಿಯೊಂದು ಹಿಂಡಿನಲ್ಲಿಯೂ ಯಾರು ಯಾರನ್ನು ಕುಕ್ಕಬಹುದೆಂಬ ಒಂದು ಕ್ರಮವಿರುತ್ತದೆಂಬುದನ್ನು ಅವರು 1922ರಲ್ಲಿ ಪ್ರಕಟಪಡಿಸಿದರು. ಆ ಕ್ರಮವು ಒಮ್ಮೆ ನಿಂತಿತೆಂದರೆ ಜಗಳವು ಬಹುಮಟ್ಟಿಗೆ ಅಡಗುತ್ತದೆ. ಮೇಲಿನದು ತಲೆಯೆತ್ತಿ ನೋಡಿದರೆ ಸಾಕು, ಕೆಳಗಿನದು ದಾರಿ ಬಿಡುತ್ತದೆ. ಈ ಶ್ರೇಣಿಯನ್ನು ದೇಹದ ತೂಕವೊಂದೇ ನಿರ್ಣಯಿಸುವುದಿಲ್ಲ. ವಯಸ್ಸು, ಸ್ವಭಾವ, ಅಂಗಳದಲ್ಲಿ ಹಳಬರೆಂಬ ಹಕ್ಕು ಇವೂ ಸೇರುತ್ತವೆ. ಚುರುಕಾದ ನಾಟಿ ಹೇಂಟೆಯೊಂದು ತನ್ನ ಇಮ್ಮಡಿ ತೂಕದ ಸಾಧುಕೋಳಿಯನ್ನು ಅಟ್ಟುವುದುಂಟು. ಅಮರಕೋಶದಲ್ಲಿ ಕೋಳಿಗೆ ತಾಮ್ರಚೂಡವೆಂದೂ ಚರಣಾಯುಧವೆಂದೂ ಹೆಸರುಗಳಿವೆ. ಪೂರ್ವಿಕರ ನೋಟ ಎಷ್ಟು ಸೂಕ್ಷ್ಮವಾದುದು! ಇವು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟಿನಿಂದ. ಹುಂಜಗಳು ಕಾದುವುದು ಕಾಲಿನ ಮುಳ್ಳಿನಿಂದ.

ಆದುದರಿಂದ ಅಪಾಯವಿರುವುದು ಹೊಸಬರು ಬಂದಾಗ. ವರ್ಷದ ನಡುವೆ ತರಗತಿಗೆ ಸೇರಿದ ಹುಡುಗನ ಪಾಡನ್ನು ನಾವು ಬಲ್ಲೆವು. ಕೋಳಿಯ ಪಾಡು ಅದಕ್ಕಿಂತ ಕಠಿಣ. ಸಂತೆಯಿಂದ ತಂದುದನ್ನು ಅಂದೇ ಹಿಂಡಿನೊಳಗೆ ಬಿಡುವುದು ಎರಡು ವಿಧದಲ್ಲಿ ಅವಿವೇಕ. ರಾಣಿಖೇತ ರೋಗವು ಹಾಗೆ ನುಸುಳಿದರೆ ಹಿತ್ತಿಲೇ ಬರಿದಾದೀತು. ಮೂರು ನಾಲ್ಕು ವಾರ ದೂರದಲ್ಲಿಟ್ಟು, ಬಳಿಕ ಒಂದು ವಾರ ತಂತಿಬಲೆಯ ಆಚೆಯಿಂದ ಪರಸ್ಪರ ನೋಡಗೊಟ್ಟು, ಆಮೇಲೆ ಬಿಡತಕ್ಕದ್ದು. ಒಂಟಿಯಾಗಿ ಬಿಡದೆ ಎರಡು ಮೂರನ್ನು ಜೊತೆಯಾಗಿ ಬಿಟ್ಟರೆ ಏಟು ಹಂಚಿಹೋಗುತ್ತದೆ. ರಕ್ತ ಕಂಡ ಕೋಳಿಯನ್ನು ಕೂಡಲೇ ಬೇರ್ಪಡಿಸಬೇಕು. ಕೆಂಪನ್ನು ಕಂಡರೆ ಉಳಿದವೆಲ್ಲ ಅಲ್ಲಿಯೇ ಕುಕ್ಕುತ್ತವೆ.

ಗಾತ್ರಭೇದವು ನಿಜವಾಗಿ ಬಾಧಿಸುವುದು ಹುಂಜದ ವಿಷಯದಲ್ಲಿ. ಭಾರವಾದ ಹುಂಜವು ಸಣ್ಣ ಹೇಂಟೆಯನ್ನು ಮೆಟ್ಟಿದಾಗ ಬೆನ್ನಿನ ಗರಿ ಕಿತ್ತು, ಉಗುರಿನಿಂದ ಚರ್ಮ ಸೀಳುತ್ತದೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಆ ಒಂದು ಸಣ್ಣ ಜಾತಿಯದಾಗಿರಲಿ. ಅಸೀಲ್ ಹುಂಜಗಳೆರಡನ್ನು ಒಂದೆಡೆ ಬಿಡುವ ಮಾತೇ ಬೇಡ.

ಇನ್ನು ಮೇವು. ಇದನ್ನು ಗೃಹಿಣಿಯರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಶ್ರೇಣಿಯಲ್ಲಿ ಕಡೆಯದಾದ ಕೋಳಿಯು ಹಸಿದಿದ್ದರೂ ಕೂಗುವುದಿಲ್ಲ, ದೂರು ಹೇಳುವುದಿಲ್ಲ. ಒಂದೇ ಪಾತ್ರೆಯಿದ್ದರೆ ಅದು ಮೂಲೆಯಲ್ಲಿ ನಿಂತು ದಿನೇ ದಿನೇ ಕೃಶವಾಗುತ್ತದೆ. ಗರಿಯ ಹೊದಿಕೆಯಿಂದಾಗಿ ಅದು ಕಣ್ಣಿಗೆ ಕಾಣದು. ಮೊಟ್ಟೆ ನಿಂತಿತೆಂದು ಮನೆಯವರು ಅದನ್ನೇ ಬೈಯುತ್ತಾರೆ! ಸಂಜೆ ಗೂಡು ಮುಚ್ಚುವಾಗ ಒಂದೊಂದನ್ನೂ ಹಿಡಿದು, ಕೊರಳ ಬುಡದ ಮೇವುಚೀಲವನ್ನು ಮುಟ್ಟಿ ನೋಡಿರಿ. ತುಂಬಿದ್ದರೆ ಉಂಡಿದೆ, ಬರಿದಾಗಿದ್ದರೆ ಮರುದಿನವೇ ಎರಡು ಮೂರು ಪಾತ್ರೆಗಳನ್ನು ಒಂದರಿಂದ ಇನ್ನೊಂದು ಕಾಣದಂತೆ ಇಡಿರಿ. ಮೊಟ್ಟೆಯಿಡುವ ಕೋಳಿಗಳಿಗಾಗಿ ಸುಣ್ಣಾಂಶ ಬೆರೆಸಿದ ಆಹಾರವನ್ನು ಬಹುದಿನ ತಿಂದರೆ ಮರಿಗಳ ಮೂತ್ರಪಿಂಡ ಕೆಡುತ್ತದೆ. ಮರಿ ಮಾತ್ರ ನುಸುಳುವಷ್ಟು ಸಂದು ಬಿಟ್ಟು ಬುಟ್ಟಿಯನ್ನು ಬೋರಲು ಹಾಕಿ, ಅದರಡಿ ಮರಿಗಳ ಮೇವನ್ನಿಡಬಹುದು. ದೊಡ್ಡವಕ್ಕೆ ಕಪ್ಪೆಚಿಪ್ಪಿನ ಚೂರು ಬೇರೆಯಿರಲಿ. ರಾತ್ರಿ ಕೂರುವ ಗಳವೂ ಅಷ್ಟೆ: ನಾಟಿಯದು ಎತ್ತರಕ್ಕೆ ಹಾರೀತು, ಭಾರದ ಜಾತಿಗೆ ತಗ್ಗಿನ ಗಳವಿಲ್ಲದಿದ್ದರೆ ಧುಮುಕಿ ಅಂಗಾಲು ಹುಣ್ಣಾಗುತ್ತದೆ.

ಈ ಸಹವಾಸದಲ್ಲಿ ಲಾಭವೂ ಇದೆ. ಸುಧಾರಿತ ಜಾತಿಯ ಹೇಂಟೆಗಳಲ್ಲಿ ಕಾವಿಗೆ ಕೂರುವ ಗುಣ ಬಹಳ ಮಟ್ಟಿಗೆ ಹೋಗಿಬಿಟ್ಟಿದೆ. ಅವುಗಳ ಮೊಟ್ಟೆಗೆ ನಾಟಿಯದೇ ತಾಯಿಯಾಗಬೇಕು. ಮೊಟ್ಟೆ ದಪ್ಪವಾದುದರಿಂದ ಹನ್ನೆರಡಿಡುವಲ್ಲಿ ಎಂಟು ಒಂಬತ್ತು ಸಾಕು. ಶುದ್ಧ ಕಡಕನಾಥದ ಮರಿ ಬೇಕೆನ್ನುವವರು ಮಾತ್ರ ಆ ಹೇಂಟೆಗಳನ್ನು ಸ್ವಜಾತಿಯ ಹುಂಜದೊಡನೆ ಪ್ರತ್ಯೇಕವಾಗಿಡತಕ್ಕದ್ದು. ಹಿಂದಿನ ಹುಂಜದ ಬೀಜವು ಹೇಂಟೆಯ ಒಡಲಲ್ಲಿ ಎರಡು ವಾರಕ್ಕೂ ಮೇಲ್ಪಟ್ಟು ಉಳಿಯಬಲ್ಲದು. ಬೇರ್ಪಡಿಸಿದ ಮೊದಲ ಮೂರು ವಾರಗಳ ಮೊಟ್ಟೆಯನ್ನು ಅಡುಗೆಗೆ ಬಳಸಿ, ಆಮೇಲಿನವನ್ನು ಕಾವಿಗೆ ಇಡಬೇಕು.