ಹಳೆಯ ರೇಡಿಯೋಗಳಿಗೆ ತಕ್ಕ ಆಸಿಲೋಸ್ಕೋಪು

ರೇಡಿಯೋವಿನ ಮಾತು ಬಂದಾಗ ರಾಯಚೂರಿನ ಹಿರಿಯರಿಗೆ ಹೈದರಾಬಾದಿನ ಡೆಕ್ಕನ್ ರೇಡಿಯೋ ನೆನಪಾಗುವುದು ಸಹಜ. ಆ ನಿಲಯವು 1950ರಲ್ಲಿ ಆಲ್ ಇಂಡಿಯಾ ರೇಡಿಯೋದ ವಶಕ್ಕೆ ಬಂದಿತು. ರಾಯಚೂರು ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಆ ಕಾಲದ ವಾಲ್ವು ಪೆಟ್ಟಿಗೆಯೊಂದು ದೇವದುರ್ಗದಲ್ಲಿಯೋ ಮಾನ್ವಿಯಲ್ಲಿಯೋ ಯಾರದಾದರೂ ಅಟ್ಟದ ಮೇಲೆ ಉಳಿದಿದ್ದರೆ, ಅದನ್ನು ಮತ್ತೆ ಮಾತನಾಡಿಸಬೇಕೆಂಬ ಆಸೆ ಹುಟ್ಟದಿರದು. ಆ ಕೆಲಸಕ್ಕೆ ಆಸಿಲೋಸ್ಕೋಪು ಬಹಳ ನೆರವಾಗುತ್ತದೆ. ಹೊಸದು ದುಬಾರಿಯೆಂದು ಹಳೆಯದನ್ನು ಕೊಳ್ಳುವವರು ಏನೇನನ್ನು ನೋಡಬೇಕು?

ಮೀಟರು ವಿದ್ಯುತ್ತು ಎಷ್ಟಿದೆಯೆಂದು ಹೇಳುತ್ತದೆ. ಆಸಿಲೋಸ್ಕೋಪು ಅದು ಹೇಗಿದೆಯೆಂದು ತೋರಿಸುತ್ತದೆ. ಏರಿಯಲಿನಿಂದ ಸ್ಪೀಕರಿನವರೆಗೆ ಅಲೆಯನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿದರೆ, ಅದು ಎಲ್ಲಿ ಕೆಡುತ್ತದೆಯೋ ಅಲ್ಲಿಯೇ ದೋಷವನ್ನು ಹುಡುಕಬಹುದು.

ಮೊದಲನೆಯದು ಸಾಮರ್ಥ್ಯ. ಮೀಡಿಯಂ ವೇವ್ ಕೇಂದ್ರಗಳು ಸುಮಾರು 530ರಿಂದ 1600 ಕಿಲೋಹರ್ಟ್ಸ್‌ಗಳ ನಡುವೆ ಇರುತ್ತವೆ; ಪೆಟ್ಟಿಗೆಯ ಒಳಗಿನ ಮಧ್ಯಮ ಆವರ್ತನವು ಸಾಮಾನ್ಯವಾಗಿ 455ರ ಆಸುಪಾಸು. ಇವಕ್ಕೆ 20 ಮೆಗಾಹರ್ಟ್ಸ್‌ನ, ಎರಡು ಚಾನೆಲುಗಳ ಉಪಕರಣವು ಧಾರಾಳವಾಗಿ ಸಾಕು. ಶಾರ್ಟ್ ವೇವ್ ಭಾಗವನ್ನೂ ಚೆನ್ನಾಗಿ ನೋಡಬೇಕೆಂಬವರು 50ನ್ನು ಅಪೇಕ್ಷಿಸಬಹುದು. ಅದಕ್ಕೂ ಹೆಚ್ಚಿನ ಸಂಖ್ಯೆಗೆ ಹಣ ತೆರುವುದು ಅನಾವಶ್ಯಕ.

ಎರಡನೆಯದು ಆರೋಗ್ಯ. ಅಂಗಡಿಯಲ್ಲಿ ಅರ್ಧ ಗಂಟೆ ಹಚ್ಚಿಡಿಸಿ ನೋಡಿರಿ. ಪರದೆಯ ಗೆರೆ ಸಣ್ಣದಾಗಿ, ಸ್ಪಷ್ಟವಾಗಿ ಇರಬೇಕು. ಸುಟ್ಟ ಕಲೆ ಇರಬಾರದು. ಮುಖದ ಮೇಲಿನ ಕ್ಯಾಲಿಬ್ರೇಷನ್ ಮೊಳೆಗೆ ಪ್ರೋಬು ತಾಗಿಸಿದಾಗ ಚೌಕಾಕಾರದ ಅಲೆ ಮೂಡಬೇಕು. ಗುಂಡಿಗಳನ್ನು ತಿರುಗಿಸಿದಂತೆ ಅದು ಅಳತೆಗೆ ಸರಿಯಾಗಿ ಹಿಗ್ಗಿ ಕುಗ್ಗಬೇಕು. ಗರಗರ ಎನ್ನುವ ಗುಂಡಿಯನ್ನು ಶುಚಿಮಾಡಬಹುದು. ಬಿಸಿಲಿನ ಊರುಗಳಲ್ಲಿ ಬೇಗನೆ ಒಣಗುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳನ್ನು ಬದಲಾಯಿಸಬಹುದು. ಆದರೆ ಚಿತ್ರನಳಿಗೆ ಸವೆದಿದ್ದರೆ ಅಂಥದೇ ಇನ್ನೊಂದು ದೊರೆಯುವುದು ದುರ್ಲಭ. ಎಷ್ಟೇ ಅಗ್ಗವಾದರೂ ಅದನ್ನು ಬಿಡತಕ್ಕದ್ದು.

ಮೂರನೆಯದು ಪ್ರಾಣದ ಮಾತು. ವಾಲ್ವುಗಳ ಆನೋಡಿನಲ್ಲಿ 250 ವೋಲ್ಟು ಸಾಮಾನ್ಯ. ಆದುದರಿಂದ ಹತ್ತು ಪಟ್ಟು ತಗ್ಗಿಸುವ, 600 ವೋಲ್ಟು ತಾಳುವ ಪ್ರೋಬು ಅವಶ್ಯ. ಇನ್ನೂ ಮುಖ್ಯವಾದುದು, ಟ್ರಾನ್ಸ್‌ಫಾರ್ಮರಿಲ್ಲದ ಎ.ಸಿ.–ಡಿ.ಸಿ. ಪೆಟ್ಟಿಗೆಗಳ ವಿಚಾರ. ಅವುಗಳ ಲೋಹದ ತಳವೇ ಮನೆಯ ವಿದ್ಯುತ್ತಿಗೆ ಅಂಟಿಕೊಂಡಿರುತ್ತದೆ. ಆಸಿಲೋಸ್ಕೋಪಿನ ಅರ್ಥ್ ಚಿಮುಟವು ನೆಲಕ್ಕೆ ಸೇರಿದ್ದು. ಅದನ್ನು ಆ ತಳಕ್ಕೆ ಕಚ್ಚಿಸಿದರೆ ಕಿಡಿ ಹಾರೀತು. ಇದನ್ನು ತಪ್ಪಿಸಲೆಂದು ಪ್ಲಗ್ಗಿನ ಅರ್ಥ್ ಕಾಲನ್ನು ಕತ್ತರಿಸುವವರಿದ್ದಾರೆ. ಆಗ ಆಸಿಲೋಸ್ಕೋಪಿನ ಮೈಯೆಲ್ಲ ಮುಟ್ಟಿದವರ ಪ್ರಾಣಕ್ಕೆ ಕುತ್ತಾಗಬಹುದು. ಸರಿಯಾದ ದಾರಿಯೆಂದರೆ, ಉಪಕರಣದ ಅರ್ಥ್ ಹಾಗೆಯೇ ಇರಲಿ. ರೇಡಿಯೋವನ್ನು ಐಸೋಲೇಷನ್ ಟ್ರಾನ್ಸ್‌ಫಾರ್ಮರಿನ ಮೂಲಕ ನಡೆಸಬೇಕು. ಆಗಲೂ ಬರಿಗೈಯಿಂದ ತಳವನ್ನು ಮುಟ್ಟಲಾಗದು. ಆರಿಸಿದ ಮೇಲೆಯೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

ಆದಕಾರಣ ಕೊಳ್ಳಲು ಹೊರಡುವಾಗ ಆ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ. ಅದಕ್ಕೆ ಹಣ ಸಾಲದೆ ಹೋದರೆ ಇನ್ನೂ ಸಣ್ಣ ಆಸಿಲೋಸ್ಕೋಪನ್ನು ಆರಿಸಿಕೊಳ್ಳುವುದೇ ಜಾಣತನ.