ಫ್ಯಾನ್ ಯಾಕ ಇಷ್ಟ ಒದರತೈತಿ?

ಪಿಜಿ, ಟ್ಯೂಷನ್ ಕ್ಲಾಸ್ ನಡಸವ್ರ ಕೇಳ್ರಿ. ನಿಮ್ಮ ವೆಬ್‌ಸೈಟ್ ತೆಗೆದ ಕೂಡ್ಲೆ ಹುಡುಗರ ಲ್ಯಾಪ್‌ಟಾಪ್ ಫ್ಯಾನ್ ಒದರಾಕ ಹತ್ತಿದ್ರ ನೆಟ್‌ವರ್ಕ್ ಬೈಬ್ಯಾಡ್ರಿ. ನೆಟ್ ಸ್ಲೋ ಇದ್ರ ಪುಟ ತಡಾ ಆಗಿ ಬರತೈತಿ, ಅಷ್ಟ. ಫ್ಯಾನ್ ಒದರಿತಂದ್ರ ಪ್ರೊಸೆಸರ್ ದುಡಿಯಾಕತ್ತೈತಿ.

ವಿಂಡೋಸ್ ಕಂಪ್ಯೂಟರಿನ ಕ್ರೋಮ್‌ನಾಗ ಶಿಫ್ಟ್, ಎಸ್ಕೇಪ್ ಎರಡೂ ಕೂಡೇ ಒತ್ರಿ. ಯಾವ ಟ್ಯಾಬ್ ಎಷ್ಟು ಸಿಪಿಯು ತಿನ್ನಾಕತ್ತೈತಿ, ಕಾಣತೈತಿ. ನಿಮ್ಮ ಪುಟ ಸುಮ್ನ ಕುಂತಾಗೂ ಅಂಕಿ ಇಳೀಲಿಲ್ಲಂದ್ರ ತಪ್ಪು ಅಲ್ಲೇ ಐತಿ. ಹೆಚ್ಚಾಗಿ ಕಾರಣ ಸಾದಾ: ನಿಲ್ಲದ ಸ್ಲೈಡರ್, ತಾನ ಓಡೋ ವಿಡಿಯೋ, ಯಾವಾಗೋ ಹಾಕಿ ಮರತ ಚಾಟ್ ಪ್ಲಗಿನ್.

ಕಳ್ಳತನಾನೂ ಇರಬಹುದು. 2018ರಾಗ ತಿರುಪತಿ ಮಹಾನಗರ ಪಾಲಿಕೆ ಸೈಟಿನ್ಯಾಗ ಕ್ರಿಪ್ಟೊ ಮೈನಿಂಗ್ (ಡಿಜಿಟಲ್ ನಾಣ್ಯ ಗಳಿಸೋ) ಸ್ಕ್ರಿಪ್ಟ್ ಸಿಕ್ಕಿತ್ತು. ನೋಡಾಕ ಬಂದವ್ರ ಕಂಪ್ಯೂಟರ್ ಅವ್ರಿಗೇ ಗೊತ್ತಿಲ್ದ ದುಡೀತಿತ್ತು. ಕರೆಂಟ್ ಬಿಲ್ ಅವ್ರದು, ರೊಕ್ಕ ಇನ್ಯಾರದೋ! ಇಂಥ ಸ್ಕ್ರಿಪ್ಟ್ ಕೊಡತಿದ್ದ ಕಾಯಿನ್‌ಹೈವ್ 2019ರ ಮಾರ್ಚ್‌ನಾಗ ಬಾಗಲಾ ಹಾಕ್ತು. ಆದ್ರೂ ಈ ಕಸಬು ಪೂರಾ ನಿಂತಿಲ್ಲ.

ತಪ್ಪು ಎಲ್ಲೈತಿ ಅಂತ ಹುಡುಕೂದು ಹೆಂಗ? ಮೊದಲ ಬ್ಯಾಕಪ್. ಆಮ್ಯಾಲ ಒಂದೊಂದ ಪ್ಲಗಿನ್ ಆಫ್ ಮಾಡಿ ಅಂಕಿ ನೋಡ್ರಿ. ಬ್ಯಾಸರದ ಕೆಲಸ ಖರೆ, ಆದ್ರ ದಾರಿ ಸಲೀಸ. ಎಲ್ಲಾ ಆಫ್ ಮಾಡಿದ್ರೂ ಇಳೀಲಿಲ್ಲಂದ್ರ ಥೀಮ್ ಫೈಲಿನ್ಯಾಗ ಗುರ್ತಿಲ್ಲದ ಸ್ಕ್ರಿಪ್ಟ್ ಸಾಲು ಹುಡುಕಿ ತೆಗೀರಿ. ತೆಗೆದಮ್ಯಾಲ ಅಡ್ಮಿನ್, ಹೋಸ್ಟಿಂಗ್ ಎರಡರ ಪಾಸ್‌ವರ್ಡೂ ಬದಲಿಸ್ರಿ.