ಕರೆಂಟು ಬಂದರೂ ಏಳದ ಪೆಟ್ಟಿಗೆ

ಸಂಡೂರಿನಿಂದ ತೋರಣಗಲ್ಲಿಗೆ ಹೋಗುವ ದಾರಿಯಲ್ಲಿ ಒಂದು ವೇಬ್ರಿಡ್ಜ್‌ಗೆ ನಾನು ಅಂಗೈಯಗಲದ ಕಂಪ್ಯೂಟರ್ ಪೆಟ್ಟಿಗೆ ಕೂರಿಸಿಕೊಟ್ಟಿದ್ದೆ. ಅದಿರಿನ ಲಾರಿ ಕಟ್ಟೆ ಹತ್ತುತ್ತದೆ, ಕೆಳಗಿನ ಲೋಡ್‌ಸೆಲ್‌ಗಳು ಭಾರ ಅಳೆಯುತ್ತವೆ, ಇಂಡಿಕೇಟರ್ ಅಂಕಿ ತೋರಿಸುತ್ತದೆ. ಆ ಅಂಕಿಯನ್ನು ಸೀರಿಯಲ್ ತಂತಿಯಲ್ಲಿ ಓದಿ ಲಾರಿ ನಂಬರಿನ ಜೊತೆ ಬರೆದಿಡುವುದು ನನ್ನ ಪೆಟ್ಟಿಗೆಯ ಕೆಲಸ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದ ದಿನಗಳನ್ನು ಕಂಡವರಿಗೆ ಇಲ್ಲಿ ಒಂದೊಂದು ಟನ್ನಿನ ಲೆಕ್ಕ ಏಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಪೆಟ್ಟಿಗೆ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಕರೆಂಟು ಹೋಗಿ ಬಂದರೆ ಏಳುತ್ತಿರಲಿಲ್ಲ. ಒಮ್ಮೆ ಏಳುತ್ತಿತ್ತು, ಮೂರು ಸಲ ಮಲಗುತ್ತಿತ್ತು. "ಒಳಗ ಧೂಳು ಕುಂತೈತ್ರಿ ಸಾರ್" ಎಂದ ಕಟ್ಟೆಯ ಹುಡುಗ. "ವೋಲ್ಟೇಜ್ ಸರಿಯಿಲ್ಲ ಬಿಡ್ರಿ" ಎಂದರು ಮಾಲೀಕರು. ಸಂಡೂರಿನ ಕೆಂಧೂಳು ಕಂಡವರು ಯಾರೂ ಹುಡುಗನ ಮಾತನ್ನು ತಳ್ಳಿಹಾಕಲಾರರು. ನಾನೂ ಪೆಟ್ಟಿಗೆ ಬಿಚ್ಚಿ ಒರೆಸಿದೆ, ಪವರ್ ಅಡಾಪ್ಟರ್ ಬದಲಿಸಿದೆ. ಮನೆಗೆ ತಂದು ಮೇಜಿನ ಮೇಲಿಟ್ಟರೆ ಇಪ್ಪತ್ತು ಸಲ ಆರಿಸಿ ಹಚ್ಚಿದರೂ ಇಪ್ಪತ್ತು ಸಲವೂ ಎದ್ದಿತು. ತಪ್ಪು ಇದ್ದದ್ದು ಧೂಳಿನಲ್ಲೂ ಅಲ್ಲ, ಕರೆಂಟಿನಲ್ಲೂ ಅಲ್ಲ. ಬೂಟ್‌ಲೋಡರನ್ನು ಕಟ್ಟುವಾಗ ನಾನು ಆರಿಸಿದ್ದ, ಆರಿಸದೆ ಬಿಟ್ಟಿದ್ದ ಆಯ್ಕೆಗಳಲ್ಲಿತ್ತು. ಈ ಆಯ್ಕೆಗಳ ಬಗ್ಗೆ ನಾನೂ ನನ್ನಂಥವರೂ ನಂಬಿಕೊಂಡು ಬಂದಿರುವ ಕೆಲವು ತಪ್ಪುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಂಬಿಕೆ: ಬೂಟ್‌ಲೋಡರ್ ಅಂದರೆ ಲಿನಕ್ಸ್ ಏಳುವ ಮೊದಲು ಓಡುವ ಒಂದು ಪ್ರೋಗ್ರಾಂ.

ಒಂದಲ್ಲ, ಸಾಲಾಗಿ ಮೂರು. ನಾನು ಬಳಸಿದ್ದು ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡು. ಅದರ ಎಎಂ335ಎಕ್ಸ್ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದು. 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ ಅದು. ಈ ಬಗೆಯ ಚಿಪ್‌ಗಳಿಗೆ ಬೂಟ್‌ಲೋಡರ್ ಹೊಂದಿಸುವ ಕೆಲಸದಲ್ಲಿ ಅಲ್ಲಿನ ಎಂಜಿನಿಯರುಗಳ ಶ್ರಮವೂ ಇದೆ. ಕರೆಂಟು ಬಂದೊಡನೆ ಓಡುವುದು ಚಿಪ್‌ನ ಒಳಗೇ ಅಚ್ಚಾಗಿರುವ ಅಳಿಸಲಾಗದ ರೋಮ್ ಕೋಡ್. ಆ ಹೊತ್ತಿಗೆ ಹೊರಗಿನ 512 ಎಂಬಿ ಮೆಮೊರಿ ಇನ್ನೂ ಎಚ್ಚರಗೊಂಡಿರುವುದಿಲ್ಲ. ಚಿಪ್‌ನೊಳಗಿನ ಪುಟ್ಟ ಮೆಮೊರಿಗೆ ಹಿಡಿಸುವಷ್ಟನ್ನೇ, ಅಂದರೆ ಹೆಚ್ಚೆಂದರೆ 109 ಕೆಬಿ, ರೋಮ್ ಓದಿಕೊಳ್ಳುತ್ತದೆ. ಅಷ್ಟರಲ್ಲಿ ಅಡಗುವ ಮರಿ ಲೋಡರ್‌ಗೆ ಎಸ್‌ಪಿಎಲ್ ಎಂದು ಹೆಸರು. ಅದು ದೊಡ್ಡ ಮೆಮೊರಿಯನ್ನು ಎಬ್ಬಿಸಿ, ಪೂರ್ಣ ಬೂಟ್‌ಲೋಡರಾದ ಯು-ಬೂಟನ್ನು ತಂದು ಅಲ್ಲಿಡುತ್ತದೆ. ಯು-ಬೂಟ್ ಲಿನಕ್ಸನ್ನು ತರುತ್ತದೆ.

ಇದನ್ನು ಅರಿಯದೆ ಆಯ್ಕೆಗಳ ಪಟ್ಟಿಗೆ ಕೈ ಹಾಕಿದರೆ ಮೊದಲ ಏಟು ಇಲ್ಲೇ ಬೀಳುತ್ತದೆ. ಯು-ಬೂಟ್‌ನಲ್ಲಿ ಒಂದು ಸೌಲಭ್ಯಕ್ಕೆ 'ಹೌದು' ಎಂದರೆ ಅದು ಎಸ್‌ಪಿಎಲ್‌ಗೂ ಸಿಕ್ಕಿತೆಂದು ಲೆಕ್ಕವಲ್ಲ. ಅನೇಕ ಸೌಲಭ್ಯಗಳಿಗೆ 'ಎಸ್‌ಪಿಎಲ್' ಎಂಬ ಪದ ಸೇರಿದ ಬೇರೆಯದೇ ಆಯ್ಕೆ ಇದೆ, ಅದನ್ನೂ ತೆರೆಯಬೇಕು. ಹಾಗೆಂದು ಎಲ್ಲವನ್ನೂ ತೆರೆದರೆ 109 ಕೆಬಿ ಮೀರುತ್ತದೆ. ಇರಲಿ ಎಂದು ಬಾಚಿ ತುಂಬುವ ಜಾಗ ಅದಲ್ಲ.

ನಂಬಿಕೆ: ಕಾಯುವ ಸಮಯವನ್ನು ಸೊನ್ನೆ ಮಾಡಿದರೆ ನಡುವೆ ಯಾರೂ ತಡೆಯಲಾರರು, ಮೈನಸ್ 1 ಮಾಡಿದರೆ ಇನ್ನೂ ಭದ್ರ.

ನನ್ನನ್ನು ಹೆಚ್ಚು ಸುತ್ತಾಡಿಸಿದ್ದು ಇದೇ. ಲಿನಕ್ಸನ್ನು ಕರೆಯುವ ಮೊದಲು ಯು-ಬೂಟ್ ಸಾಮಾನ್ಯವಾಗಿ ಎರಡು ಸೆಕೆಂಡು ಕಾಯುತ್ತದೆ. ಆ ಸಂದಿಯಲ್ಲಿ ಸೀರಿಯಲ್ ಕನ್ಸೋಲಿನಿಂದ ಕೀಲಿ ಒತ್ತಿದರೆ ನಿಂತು, ಆಜ್ಞೆಗಾಗಿ ಕಾಯುತ್ತದೆ. ರಿಪೇರಿಗೆ ಅದೇ ಬಾಗಿಲು. ನನ್ನ ಬೋರ್ಡಿನಲ್ಲಿ ಯಾವ ಕೀಲಿಯಾದರೂ ಸಾಲದು, ಸ್ಪೇಸ್ ಒತ್ತಿದರೆ ಮಾತ್ರ ನಿಲ್ಲುತ್ತೇನೆ ಎಂದು ಪರದೆಯ ಮೇಲೆ ಬರುತ್ತಿತ್ತು. ಗುಡ್ಡದ ಬುಡದಲ್ಲಿ ಕೀಬೋರ್ಡೇ ಇಲ್ಲದ ಪೆಟ್ಟಿಗೆಗೆ ಸ್ಪೇಸ್ ಒತ್ತುವವರು ಯಾರು?

ಇಂಡಿಕೇಟರ್. ಅದು ಸುಮ್ಮನಿರುವ ಜಾತಿಯದಲ್ಲ. ಕಟ್ಟೆಯ ಮೇಲೆ ಲಾರಿ ಇರಲಿ ಬಿಡಲಿ, ತೂಕವನ್ನು ಬಿಡದೆ ಕಳಿಸುತ್ತಲೇ ಇರುತ್ತದೆ. ಅಂಕಿ ಚಿಕ್ಕದಿದ್ದರೆ ಸಾಲು ತುಂಬಿಸಲು ಮುಂದೆ ಖಾಲಿ ಜಾಗ ಸೇರಿಸುತ್ತದೆ. ಆ ಖಾಲಿ ಜಾಗಗಳೆಲ್ಲ ಸ್ಪೇಸೇ. ತಂತಿ ಕಡಿಮೆ ಎಳೆಯಲೆಂದು ನಾನು ಇಂಡಿಕೇಟರನ್ನು ಲೆವೆಲ್ ಕನ್ವರ್ಟರ್ ಮೂಲಕ ಬೋರ್ಡಿನ ಕನ್ಸೋಲ್ ಪಿನ್ನುಗಳಿಗೇ ಜೋಡಿಸಿದ್ದೆ. ಲಿನಕ್ಸ್ ಕಡೆಯ ಕನ್ಸೋಲನ್ನು ಮುಚ್ಚಿದ್ದೆ, ಯು-ಬೂಟ್ ಕಡೆಯದನ್ನು ಮುಚ್ಚಿರಲಿಲ್ಲ. ಕರೆಂಟು ಬಂದಾಗ ಇಂಡಿಕೇಟರ್ ಮೊದಲು ಎದ್ದರೆ ಅದರ ಸ್ಪೇಸು ಯು-ಬೂಟಿಗೆ ಬೀಳುತ್ತಿತ್ತು. ಯು-ಬೂಟ್ ಆಜ್ಞಾಪಾಲಕನಂತೆ ನಿಲ್ಲುತ್ತಿತ್ತು. ಮನೆಯ ಮೇಜಿನ ಮೇಲೆ ಇಂಡಿಕೇಟರ್ ಇರಲಿಲ್ಲ; ಅಲ್ಲಿ ಅದು ಇಪ್ಪತ್ತು ಸಲ ಎದ್ದದ್ದರ ಗುಟ್ಟು ಅಷ್ಟೇ.

ಇದು ಗೊತ್ತಾದ ಮೇಲೆ ಕಾಯುವ ಸಮಯವನ್ನು ಸೊನ್ನೆ ಮಾಡಿದೆ. ಸೊನ್ನೆ ಅಂದರೆ ಕಾಯುವುದಿಲ್ಲ ಎಂದು ಮಾತ್ರ ಅರ್ಥ. ಕೀಲಿ ಬಂದಿದೆಯೇ ಎಂದು ಒಮ್ಮೆ ನೋಡಿಯೇ ಮುಂದೆ ಹೋಗುತ್ತದೆ, ಬಂದಿದ್ದರೆ ನಿಲ್ಲುತ್ತದೆ. ಮೈನಸ್ 1 ಕೊಟ್ಟೆ. ಆಗ ಪೆಟ್ಟಿಗೆ ಒಮ್ಮೆಯೂ ಏಳಲಿಲ್ಲ, ಏಕೆಂದರೆ ಮೈನಸ್ 1ರ ಅರ್ಥ ತಾನಾಗಿ ಬೂಟ್ ಆಗುವುದನ್ನೇ ಬಿಡು ಎಂದು. ಕಾಯದೆ, ಕೀಲಿಯ ಕಡೆ ತಿರುಗಿಯೂ ನೋಡದೆ ಮುಂದೆ ಹೋಗು ಎನ್ನುವುದಕ್ಕೆ ಇರುವ ಅಂಕಿ ಮೈನಸ್ 2. ಆದರೆ ಅದನ್ನು ಕೊಟ್ಟರೆ ನನಗೂ ಬಾಗಿಲು ಮುಚ್ಚಿದಂತೆ.

ನಾನು ಕೊನೆಗೆ ಮಾಡಿದ್ದು ಎರಡು ಕೆಲಸ. ಈ ಚಿಪ್‌ನಲ್ಲಿ 6 ಸೀರಿಯಲ್ ಪೋರ್ಟುಗಳಿವೆ. ಇಂಡಿಕೇಟರನ್ನು ಕನ್ಸೋಲಿನಿಂದ ಬಿಡಿಸಿ ಬೇರೆ ಪೋರ್ಟಿಗೆ ಕೊಟ್ಟೆ. ಮತ್ತೆ, ನಿಲ್ಲಿಸುವ ಕೀಲಿಯಾಗಿ ಒಂಟಿ ಸ್ಪೇಸಿನ ಬದಲು ಯಾವ ತಕ್ಕಡಿಯೂ ಕಳಿಸಲಾರದ ಒಂದು ಪದವನ್ನು ಇಟ್ಟೆ. ಏನೂ ಜೋಡಿಸದ ಕನ್ಸೋಲ್ ಪಿನ್ನು ಕೂಡ ಪಕ್ಕದ ಮೋಟರಿನ ಗದ್ದಲವನ್ನು ಹಿಡಿದು ಅಕ್ಷರವೆಂದು ಭ್ರಮಿಸಬಲ್ಲದು. ಹಾಗಾಗಿ ಈ ಎರಡನೆಯದನ್ನು ನಾನು ಈಗ ಎಲ್ಲ ಪೆಟ್ಟಿಗೆಗೂ ಮಾಡುತ್ತೇನೆ.

ನಂಬಿಕೆ: ಆಯ್ಕೆ ಬದಲಿಸಿ, ಮತ್ತೆ ಕಟ್ಟಿ, ಬೋರ್ಡಿಗೆ ತುಂಬಿದರೆ ಹೊಸದೇ ನಡೆಯುತ್ತದೆ.

ಕಾಯುವ ಸಮಯವನ್ನು ಮೊದಲ ಸಲ ಸೊನ್ನೆ ಮಾಡಿ ತುಂಬಿದಾಗ ಪರದೆಯ ಮೇಲೆ ಮತ್ತೆ 2 ಎಂದೇ ಬಂತು. ತಪ್ಪು ಕಡತ ತುಂಬಿದೆನೇ ಎಂದು ಅರ್ಧ ದಿನ ಹುಡುಕಿದೆ. ಕಟ್ಟುವಾಗ ನಾವು ಕೊಡುವ ಕಾಯುವ ಸಮಯ, ಬೂಟ್ ಆಜ್ಞೆ ಮುಂತಾದವು ಆರಂಭದ ಬೆಲೆಗಳು ಮಾತ್ರ. ಯಾರಾದರೂ ಒಮ್ಮೆ 'ಸೇವ್‌ಎನ್ವ್' ಎಂದು ಆಜ್ಞೆ ಕೊಟ್ಟಿದ್ದರೆ ಅಂದಿನ ಬೆಲೆಗಳೆಲ್ಲ ಶೇಖರಣೆಯಲ್ಲಿ ಉಳಿದಿರುತ್ತವೆ, ಮುಂದೆ ಯು-ಬೂಟ್ ಅವನ್ನೇ ನಂಬುತ್ತದೆ. ಹಳೆಯದನ್ನು ಅಳಿಸಿ ಆರಂಭದ ಬೆಲೆಗೆ ಮರಳಿಸಿ ಮತ್ತೆ ಉಳಿಸಿದ ಮೇಲೆಯೇ ಹೊಸದು ಕಂಡಿದ್ದು. ಹೊಸ ಬೋರ್ಡಿನಲ್ಲಿ 'ಬ್ಯಾಡ್ ಸಿಆರ್‌ಸಿ' ಎಂಬ ಎಚ್ಚರಿಕೆ ಬಂದರೆ ಹೆದರುವವರಿದ್ದಾರೆ. ಇನ್ನೂ ಏನನ್ನೂ ಉಳಿಸಿಲ್ಲ, ಆರಂಭದ ಬೆಲೆಗಳನ್ನೇ ಬಳಸುತ್ತಿದ್ದೇನೆ ಎಂಬುದಷ್ಟೇ ಸಾಮಾನ್ಯವಾಗಿ ಅದರ ಅರ್ಥ.

ನಂಬಿಕೆ: ಆಯ್ಕೆಗಳನ್ನು ಬರೆದಿಡುವ 'ಡಾಟ್ ಕಾನ್ಫಿಗ್' ಕಡತದಲ್ಲಿ ಹ್ಯಾಶ್ ಗುರುತಿನ ಸಾಲುಗಳು ಬರೀ ಟಿಪ್ಪಣಿ, ಅಳಿಸಿದರೂ ನಡೆಯುತ್ತದೆ.

2000ದಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಪಿಪಿಸಿಬೂಟ್ ಎಂದು ಬಿಡುಗಡೆ ಮಾಡಿ, 2002ರಲ್ಲಿ ಯು-ಬೂಟ್ ಎಂದು ಹೆಸರು ಬದಲಿಸಿದ ಈ ತಂತ್ರಾಂಶದಲ್ಲಿ ಮೊದಲಿಗೆ ಆಯ್ಕೆಗಳು ಸಿ ಭಾಷೆಯ ಹೆಡರ್ ಕಡತಗಳಲ್ಲಿದ್ದವು. 2014ರಿಂದ ಲಿನಕ್ಸ್ ಕರ್ನೆಲಿನ ಕೆಕಾನ್ಫಿಗ್ ಪದ್ಧತಿ ಬಂತು. ಇದರಲ್ಲಿ ಹ್ಯಾಶ್ ಹಾಕಿ 'ಈಸ್ ನಾಟ್ ಸೆಟ್' ಎಂದು ಮುಗಿಯುವ ಸಾಲು 'ಬೇಡ' ಎಂಬ ಸ್ಪಷ್ಟ ಉತ್ತರ. ಅದನ್ನು ಅಳಿಸಿದರೆ ಉತ್ತರವೇ ಇಲ್ಲದಂತಾಗಿ ಮೂಲದ ಬೆಲೆ ಮರಳುತ್ತದೆ. ಅದು 'ಹೌದು' ಆಗಿದ್ದರೆ ಬೇಡವೆಂದದ್ದು ಸದ್ದಿಲ್ಲದೆ ಒಳಗೆ ಬರುತ್ತದೆ. ಬೇಕಾದ ಸಾಲನ್ನು ಕೈಯಲ್ಲಿ ಬರೆದು ಸೇರಿಸಿದರೂ ಅಷ್ಟೇ, ಅದು ಅವಲಂಬಿಸಿದ ಇನ್ನೊಂದು ಆಯ್ಕೆ ತೆರೆದಿಲ್ಲದಿದ್ದರೆ ದೂರು ಹೇಳದೆ ಬಿದ್ದುಹೋಗುತ್ತದೆ. ಮೆನುಕಾನ್ಫಿಗ್ ಎಂಬ ಆಯ್ಕೆಪಟ್ಟಿಯ ಒಳಗೆ ಹೋಗಿ ಬದಲಿಸಿ, 'ಸೇವ್‌ಡೆಫ್‌ಕಾನ್ಫಿಗ್' ಮಾಡಿ, ಸಿಕ್ಕ ಚಿಕ್ಕ ಕಡತವನ್ನು ಪೆಟ್ಟಿಗೆಯ ಹೆಸರಿನಲ್ಲಿ ಎತ್ತಿಡುವುದು ನನ್ನ ಪದ್ಧತಿ. ಮುಂದೊಮ್ಮೆ ಬೋರ್ಡಿನ ಮೂಲ ಡೆಫ್‌ಕಾನ್ಫಿಗನ್ನು ಕರೆದರೆ ಡಾಟ್ ಕಾನ್ಫಿಗ್ ಪೂರ್ತಿ ಹೊಸದಾಗಿ ಬರೆದುಹೋಗುತ್ತದೆ.

ನಂಬಿಕೆ: ತಪ್ಪು ಬೂಟ್‌ಲೋಡರ್ ತುಂಬಿದರೆ ಬೋರ್ಡು ಸತ್ತಂತೆ.

ರೋಮ್ ಕೋಡನ್ನು ನಾವು ಮುಟ್ಟಲಾರೆವು, ಹಾಗಾಗಿ ಕೆಡಿಸಲೂ ಆರೆವು. ಬೀಗಲ್‌ಬೋನಿನಲ್ಲಿ ಎಸ್2 ಎಂಬ ಪುಟ್ಟ ಗುಂಡಿ ಒತ್ತಿಹಿಡಿದು ಕರೆಂಟು ಕೊಟ್ಟರೆ ಒಳಗಿನ ಶೇಖರಣೆಯನ್ನು ಬಿಟ್ಟು ಮೈಕ್ರೋ ಎಸ್‌ಡಿ ಕಾರ್ಡಿನಿಂದ ಏಳುತ್ತದೆ. ಸರಿಯಾದ ಕಾರ್ಡೊಂದು ಜೇಬಿನಲ್ಲಿದ್ದರೆ ಧೈರ್ಯವಾಗಿ ಪ್ರಯೋಗ ಮಾಡಬಹುದು. ಎಲ್ಲ ಬೋರ್ಡುಗಳಲ್ಲೂ ಇಂಥ ಗುಂಡಿ ಇರುವುದಿಲ್ಲ. ಕೊಳ್ಳುವ ಮೊದಲು ನೋಡಿಕೊಳ್ಳಿ.

ನಂಬಿಕೆ: ಆ ಪೆಟ್ಟಿಗೆಗೆ ಕೈ ಹಾಕಿದರೆ ತೂಕವೇ ಬದಲಾಗುತ್ತದೆ.

ಲಾರಿ ಚಾಲಕರೊಬ್ಬರು ಇದನ್ನು ನನ್ನ ಮುಖ ನೋಡಿಯೇ ಕೇಳಿದರು, ಕೇಳಿದ್ದು ಒಳ್ಳೆಯದಾಯಿತು. ತೂಕ ಲೆಕ್ಕವಾಗುವುದು ಇಂಡಿಕೇಟರಿನೊಳಗೆ. ಅದನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಿರುತ್ತಾರೆ. ಯು-ಬೂಟಿನಲ್ಲಿ ನಾನು ಏನೇ ಬದಲಿಸಿದರೂ ಅದರ ಮುಖದ ಅಂಕಿ ಬದಲಾಗದು. ಚೀಟಿಯ ಅಂಕಿಯನ್ನು ಆ ಮುಖದ ಅಂಕಿಯೊಡನೆ ತಾಳೆ ನೋಡಿ ಹೊರಡಿ ಎಂದೆ. ಅಂದಿನಿಂದ ಅವರು ನೋಡಿಯೇ ಹೊರಡುತ್ತಾರೆ.

ನಂಬಿಕೆ: ನಿಲ್ಲಿಸುವ ಪದವೇ ಪಾಸ್‌ವರ್ಡ್.

ಅಲ್ಲ. ಆ ಪದ ಬೂಟ್‌ಲೋಡರ್ ಕಡತದೊಳಗೆ ಇದ್ದಂತೆಯೇ ಕೂತಿರುತ್ತದೆ. ಕಡತ ಸಿಕ್ಕವರು ಹುಡುಕಿ ಓದಬಹುದು. ತಕ್ಕಡಿಯ ಸ್ಪೇಸನ್ನು ತಡೆಯಲು ಅದು ಸಾಕು, ಕೆಟ್ಟ ಉದ್ದೇಶದವರನ್ನು ತಡೆಯಲು ಸಾಲದು. ಪದದ ಬದಲು ಅದರ ಎಸ್‌ಎಚ್‌ಎ256 ಹ್ಯಾಶನ್ನು ಮಾತ್ರ ಇಡುವ ಆಯ್ಕೆಯೂ ಮೆನುಕಾನ್ಫಿಗ್‌ನ ಆಟೋಬೂಟ್ ಪಟ್ಟಿಯಲ್ಲಿದೆ. ವೇಬ್ರಿಡ್ಜ್‌ನ ಪೆಟ್ಟಿಗೆಗೆ ಈಗ ಅದನ್ನೇ ಹಾಕಿದ್ದೇನೆ. ಎತ್ತಿಟ್ಟ ಡೆಫ್‌ಕಾನ್ಫಿಗ್ ಕಡತದ ಒಂದು ಪ್ರತಿ, ಎಬ್ಬಿಸುವ ಎಸ್‌ಡಿ ಕಾರ್ಡು, ಯಾವ ತಂತಿ ಯಾವ ಪೋರ್ಟಿಗೆ ಎಂದು ಬರೆದ ಚೀಟಿ, ಮೂರೂ ಕಟ್ಟೆಯ ಹುಡುಗನ ಮೇಜಿನ ಖಾನೆಯಲ್ಲಿವೆ.